ಗೋಧಿ ಬಿತ್ತಿ ಇಪ್ಪತ್ತೆರಡು ದಿನ

ಬೆಳಗಿನ ಎಂಟು ಗಂಟೆ. ನವಲಗುಂದದ ಕಡೆಯ ನಮ್ಮ ಎರೆಹೊಲ ಇದು. ಎಲೆಯ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಹಸಿ ಎಲೆಗೆ ಯೂರಿಯಾ ಹರಳು ಅಂಟಿದರೆ ಸುಟ್ಟ ಕಲೆ ಬೀಳುತ್ತದೆ. ಚೀಲ ಸ್ವಲ್ಪ ಹೊತ್ತು ಬದುವಿನ ಮೇಲೆಯೇ ಇರಲಿ. ಅಷ್ಟರಲ್ಲಿ ಒಂದು ಸಸಿ ಕಿತ್ತು ತೋರಿಸುತ್ತೇನೆ.

ಬೇರಿನ ಮಣ್ಣು ತೊಳೆದಿದ್ದೇನೆ, ನೋಡಿ. ತಳದಲ್ಲಿ ಬೀಜದ ಸಿಪ್ಪೆ, ಅದರಿಂದ ಇಳಿದ ನೂಲಿನಂತಹ ಬೇರುಗಳು. ಅದಕ್ಕೂ ಮೇಲೆ, ನೆಲದ ಮಟ್ಟಕ್ಕೆ ತುಸು ಕೆಳಗೆ, ಒಂದು ಗಂಟು ಕಾಣುತ್ತಿದೆಯಲ್ಲವೇ? ಅಲ್ಲಿಂದ ಬಿಳಿಯಾಗಿ, ದಪ್ಪಗೆ ಇಣುಕುತ್ತಿರುವುದೇ ಮುಕುಟ ಬೇರು. ಬಿತ್ತಿದ 20ರಿಂದ 25 ದಿನಗಳೊಳಗೆ ಇದು ಹೊರಡುತ್ತದೆ. ತೆಂಡೆ, ಅಂದರೆ ತೆನೆ ಹೊರುವ ಪಕ್ಕದ ಕವಲು, ಒಡೆಯುವುದೂ ಈ ಗಂಟಿನ ಬುಡದಿಂದಲೇ. ಮೇಲುಗೊಬ್ಬರ (ಬೆಳೆ ಎದ್ದ ಮೇಲೆ ಹಾಕುವ ಗೊಬ್ಬರ) ಮತ್ತು ನೀರು, ಎರಡೂ ಒಟ್ಟಿಗೆ ಬೇಕಾಗುವ ಹೊತ್ತು ಇದು.

ಹೋದ ವರ್ಷ ಗೊಬ್ಬರ ಕೈಗೆ ಸಿಗುವಷ್ಟರಲ್ಲಿ 45 ದಿನ ದಾಟಿತ್ತು. ಹಾಕಿದೆವು. ವಾರದಲ್ಲಿ ಹೊಲ ಕಡುಹಸಿರಾಯಿತು, ಅಪ್ಪನಿಗೆ ಸಂತೋಷವೋ ಸಂತೋಷ. ಆದರೆ ತೆಂಡೆ ಒಡೆಯುವ ಕಾಲ ಮುಗಿದುಹೋಗಿತ್ತು, ತೆನೆ ಹೆಚ್ಚಲಿಲ್ಲ. ಪಂಜಾಬಿನ ಉದ್ದನೆಯ ಚಳಿಗಾಲ ನಮಗಿಲ್ಲ. ಇಲ್ಲಿ ಬಿಸಿಲು ಬೇಗ ಏರುತ್ತದೆ, ತಪ್ಪಿದ ವಾರಗಳನ್ನು ತುಂಬಿಕೊಳ್ಳಲು ಬೆಳೆಗೆ ಸಮಯವೇ ಉಳಿಯುವುದಿಲ್ಲ. ಆ ನೋವು ನನಗೆ ಇನ್ನೂ ಇದೆ.

ಲೆಕ್ಕ ಹೀಗಿದೆ. ನೀರಾವರಿ ಗೋಧಿಗೆ ನಾವು ಹೆಕ್ಟೇರಿಗೆ 100 ಕಿಲೋ ಸಾರಜನಕ ಹಿಡಿಯುತ್ತೇವೆ, ಅಂದರೆ ಎಕರೆಗೆ 40. ಅರ್ಧವನ್ನು ಬಿತ್ತುವಾಗಲೇ, ರಂಜಕ ಮತ್ತು ಪೊಟ್ಯಾಷ್ ಜೊತೆಗೆ, ಕೊಟ್ಟಾಗಿದೆ. ಉಳಿದ 20 ಕಿಲೋ ಇವತ್ತಿನದು. ಯೂರಿಯಾದಲ್ಲಿ ಶೇಕಡ 46 ಸಾರಜನಕ ಇರುವುದರಿಂದ 45 ಕಿಲೋದ ಒಂದು ಚೀಲ ಎಕರೆಗೆ ಸಾಕು. ಇನ್ನೊಂದು ಚೀಲ ಸುರಿಯುವ ಆಸೆ ಬೇಡ. ಹೆಚ್ಚಾದರೆ ದಂಟು ಉದ್ದಕ್ಕೆ ಬೆಳೆದು ಮೆತ್ತಗಾಗುತ್ತದೆ, ಕಾಳು ಕಟ್ಟುವಾಗ ಗಾಳಿ ಬೀಸಿದರೆ ಬೆಳೆ ನೆಲಕ್ಕೆ ಮಲಗುತ್ತದೆ.

ನೀರಿನ ಖಾತ್ರಿ ಇಲ್ಲದೆ ಮಾತ್ರ ಯೂರಿಯಾ ಎರಚಬೇಡಿ. ಒಣ ನೆಲದ ಮೇಲೆ ಬಿದ್ದ ಹರಳು ಇಬ್ಬನಿಗೆ ಕರಗಿ, ಬಿಸಿಲಿಗೆ ಅಮೋನಿಯಾ ಆಗಿ ಹಾರಿಹೋಗುತ್ತದೆ. ನಮ್ಮ ಎರೆಮಣ್ಣಿನ ಕ್ಷಾರಗುಣದಿಂದ ಆ ನಷ್ಟ ಇನ್ನೂ ಹೆಚ್ಚು. ಮಲಪ್ರಭಾ ಕಾಲುವೆಯ ನೀರು ಮಧ್ಯಾಹ್ನ ನಮ್ಮ ಪಾಳಿಗೆ ಬರುತ್ತದೆ.

ಇಬ್ಬನಿ ಆರಿತು. ಅಪ್ಪ ಚೀಲದ ಹೊಲಿಗೆ ಬಿಚ್ಚುತ್ತಿದ್ದಾರೆ. ಆ ಮೂಲೆಯಿಂದ ಶುರುಮಾಡುತ್ತೇವೆ.