ಒಂದು ಕೆರೆ, ಹಲವು ನಕ್ಷೆ

ಕೇಳುಗರಿಗೆ ನಮಸ್ಕಾರ.

ನಕ್ಷೆಯ ವಿಚಾರವನ್ನು ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ತೊಡಕಿದೆ: ಅವನು ಏನನ್ನೂ ತೋರಿಸಲಾರ. ಆದ್ದರಿಂದ ನಿಮ್ಮ ಊರಿನ ಕೆರೆಯನ್ನು ನೀವೇ ಕಣ್ಣ ಮುಂದೆ ತಂದುಕೊಳ್ಳಬೇಕೆಂದು ಕೋರುತ್ತೇನೆ. ಏರಿ, ತೂಬು, ಕೋಡಿ, ನೀರು ಇಳಿದಾಗ ದನ ಮೇಯುವ ಕೆರೆಯಂಗಳ, ಅಂಗಳದ ಅಂಚಿನಲ್ಲಿ ಬೆಳೆದ ಜಾಲಿ, ಇವೆಲ್ಲವೂ ಸೇರಿದ ಕೆರೆ. ಅದರ ವಿಸ್ತೀರ್ಣವೆಷ್ಟು ಎಂದು ಕೇಳಿದರೆ ಕಂದಾಯ ಇಲಾಖೆ ತನ್ನ ಸರ್ವೆ ನಂಬರಿನ ಲೆಕ್ಕವನ್ನು ಹೇಳುತ್ತದೆ. ಸಣ್ಣ ನೀರಾವರಿ ಇಲಾಖೆ ಕೆರೆ ತುಂಬಿ ಕೋಡಿ ಬಿದ್ದಾಗ ನೀರು ನಿಲ್ಲುವ ಜಾಗವನ್ನಷ್ಟೇ ಲೆಕ್ಕ ಹಿಡಿಯುತ್ತದೆ. ಅಂಗಳದ ಒಂದು ಭಾಗದಲ್ಲಿ ನೆಡುತೋಪು ಬೆಳೆಸಿದ ಅರಣ್ಯ ಇಲಾಖೆ ಆ ಭಾಗವನ್ನು ತನ್ನ ನಕ್ಷೆಯಲ್ಲಿ ಬೇರೆಯಾಗಿ ಗುರುತಿಸಿಕೊಂಡಿರುತ್ತದೆ. ಉಪಗ್ರಹದ ಚಿತ್ರವಾದರೋ ಚಿತ್ರ ತೆಗೆದ ದಿನ ನೀರು ಎಲ್ಲಿಯವರೆಗೆ ಇತ್ತೋ ಅಷ್ಟನ್ನೇ ಕೆರೆ ಎನ್ನುತ್ತದೆ. ಹೀಗೆ ಒಂದೇ ಕೆರೆಗೆ ನಾಲ್ಕು ಅಳತೆಗಳು. ಇವುಗಳಲ್ಲಿ ಯಾವುದೂ ಸುಳ್ಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿಯೊಂದೂ ಒಂದೊಂದು ಕೆಲಸಕ್ಕಾಗಿ ತೆಗೆದ ಅಳತೆ. ತೊಂದರೆ ಹುಟ್ಟುವುದು ಈ ನಾಲ್ವರೂ ತಂತಮ್ಮ ನಕ್ಷೆಯನ್ನು ತಂತಮ್ಮ ಬೀರುವಿನಲ್ಲಿ, ಈಗೀಗ ತಂತಮ್ಮ ಕಂಪ್ಯೂಟರಿನಲ್ಲಿ, ಇಟ್ಟು ಬೀಗ ಹಾಕಿಕೊಂಡಾಗ.

ಈ ಬೇರೆತನ ಇಂದು ನಿನ್ನೆಯದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಮೈಸೂರು ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಮೂವರು ಮೂರು ಬಗೆಯಲ್ಲಿ ಅಳೆಯತೊಡಗಿದ್ದರು. ಕಾಲಿನ್ ಮೆಕೆಂಜಿ ಊರು, ಕೋಟೆ, ಹೊಳೆಗಳ ನಕ್ಷೆ ಬರೆಸುತ್ತಿದ್ದ. ಫ್ರಾನ್ಸಿಸ್ ಬುಕಾನನ್ ಬೆಳೆ, ಕಸುಬು, ಜನಗಳ ವಿವರ ಕೂಡಿಸುತ್ತ ಊರೂರು ತಿರುಗುತ್ತಿದ್ದ. ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು, ಎಂದರೆ ಉಳಿದ ಅಳತೆಗಳಿಗೆಲ್ಲ ಬುನಾದಿಯಾಗುವ ನೇರ ಗೆರೆಯನ್ನು, ಅಳೆದು, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದನ್ನು ಅಳೆದು, ತ್ರಿಕೋನಗಳ ಸರಪಳಿಯಿಂದ ಇಡೀ ದೇಶವನ್ನು ಒಂದೇ ಲೆಕ್ಕಕ್ಕೆ ಕಟ್ಟುವ ಕೆಲಸಕ್ಕೆ ತೊಡಗಿದ. ಆಮೇಲೆ ಬಂದ ಕಂದಾಯ ಸರ್ವೆಯ ದಾರಿಯೇ ಬೇರೆ. ಅದಕ್ಕೆ ಬೇಕಾಗಿದ್ದುದು ಅಕ್ಷಾಂಶ, ರೇಖಾಂಶಗಳಲ್ಲ. ಯಾವ ಹೊಲಕ್ಕೆ ಎಷ್ಟು ಕಂದಾಯ ಎಂಬ ಲೆಕ್ಕ.

ಆ ಸರ್ವೆಯ ಸಾಧನವೆಂದರೆ 33 ಅಡಿಯ ಚೈನು. ಅದನ್ನು ರೂಪಾಯಿಯಂತೆಯೇ 16 ಆಣೆಗಳಾಗಿ ಭಾಗ ಮಾಡಿದ್ದರು. ಒಂದು ಚೈನು ಉದ್ದ, ಒಂದು ಚೈನು ಅಗಲದ ಚೌಕ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಭೂಮಾಪಕರು ಪ್ರತಿ ಸರ್ವೆ ನಂಬರಿನ ಅಳತೆಯನ್ನು ಟಿಪ್ಪಣಿಯಲ್ಲಿ ಬರೆದರು, ಆಕಾರಬಂದಿನಲ್ಲಿ ವಿಸ್ತೀರ್ಣ ಮತ್ತು ಕಂದಾಯವನ್ನು ದಾಖಲಿಸಿದರು, ಎಂಟು ಅಂಗುಲಕ್ಕೆ ಒಂದು ಮೈಲಿಯಂತೆ ಗ್ರಾಮನಕಾಶೆ ಬರೆದರು. ಆ ನಕಾಶೆಯೊಳಗೆ ಹೊಲಕ್ಕೂ ಹೊಲಕ್ಕೂ ಇರುವ ಸಂಬಂಧ ಮೆಚ್ಚಬೇಕಾದಷ್ಟು ಖಚಿತ. ಆದರೆ ಇಡೀ ಊರು ಭೂಗೋಳದ ಮೇಲೆ ಎಲ್ಲಿದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಪ್ರತಿ ಗ್ರಾಮವೂ ಒಂದು ನಡುಗಡ್ಡೆ.

ಇದರ ಮೇಲೆ ನಮ್ಮ ರಾಜ್ಯದ ಚರಿತ್ರೆ ಇನ್ನೊಂದು ಗಂಟು ಹಾಕಿದೆ. 1956ರಲ್ಲಿ ಐದು ಆಡಳಿತಗಳ ಪ್ರದೇಶಗಳು ಕೂಡಿ ಇಂದಿನ ಕರ್ನಾಟಕವಾಯಿತು. ಹಳೆಯ ಮೈಸೂರಿನವರಿಗೆ ಗುಂಟೆ; ಮದರಾಸು ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದವರು ಇಂದಿಗೂ ಎಕರೆಗೆ ನೂರರಂತೆ ಸೆಂಟ್ಸಿನಲ್ಲಿ ಲೆಕ್ಕ ಹೇಳುತ್ತಾರೆ. ಆದ್ದರಿಂದ ಇಲಾಖೆ ಇಲಾಖೆಗಳ ನಡುವಣ ಸಹಕಾರದ ಮಾತು ಹಾಗಿರಲಿ, ಒಂದೇ ಇಲಾಖೆಯ ಒಳಗಿನ ನಕ್ಷೆಗಳೇ ಮೊದಲು ಒಂದು ಭಾಷೆಯನ್ನು ಕಲಿಯಬೇಕಾಯಿತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಶ್ಯಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ದಾಖಲೆಗೆ ಅದು ನಿಜಕ್ಕೂ ದೊಡ್ಡ ತಿರುವು. ಆದರೆ ಏರಿದ್ದು ಅಕ್ಷರ ಮತ್ತು ಅಂಕಿ, ಗೆರೆಗಳಲ್ಲ. ರೈತನ ಹೆಸರು, ಸರ್ವೆ ನಂಬರು, ಬೆಳೆ ಎಲ್ಲವೂ ಪರದೆಯ ಮೇಲೆ ಬಂದರೂ ಆ ನಂಬರು ನೆಲದ ಮೇಲೆ ಎಲ್ಲಿದೆ ಎಂಬುದಕ್ಕೆ ಬಹುಕಾಲ ಕಾಗದದ ನಕಾಶೆಯೇ ಗತಿಯಾಗಿತ್ತು. ಆ ಕಾಗದವೋ ಮಡಿಕೆ ಬಿದ್ದಲ್ಲಿ ಹರಿದಿರುತ್ತದೆ, ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗಿರುತ್ತದೆ.

ಈ ಅಂತರ ತುಂಬಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಕ್ಷೆಯ ಮಾಹಿತಿಯನ್ನು ಹಂಚಿಕೊಳ್ಳುವುದೆಂದರೇನೆಂದು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ. ಭೂಮಾಪನ ಇಲಾಖೆಯ ಗ್ರಾಮನಕಾಶೆಗಳನ್ನು ಸ್ಕ್ಯಾನ್ ಮಾಡಿ, ಮೂರು ಊರುಗಳ ಎಲ್ಲೆ ಕೂಡುವ ಕಲ್ಲು, ಹಳೆಯ ದಾರಿಗಳ ಕೂಡು, ಕೆರೆಯ ಏರಿ ಮುಂತಾಗಿ ಜಾಗ ಬದಲಿಸದ ಗುರುತುಗಳನ್ನು ಹುಡುಕಿ, ಅವುಗಳ ನಿಜವಾದ ಅಕ್ಷಾಂಶ ರೇಖಾಂಶಗಳಿಗೆ ನಕಾಶೆಯನ್ನು ಕೂಡಿಸಿ, ಉಪಗ್ರಹದ ಚಿತ್ರದ ಮೇಲೆ ಹಾಸಬೇಕು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ಚಿತ್ರ ಮತ್ತು ತಂತ್ರಜ್ಞಾನ, ಭೂಮಾಪನ ಇಲಾಖೆಯ ಗೆರೆಗಳು, ಭೂಮಿಯ ಪಹಣಿ, ಈ ಮೂರೂ ಒಂದೆಡೆ ಸೇರಿದ್ದರ ಫಲವೇ ಇಂದು ಅನೇಕರ ಮೊಬೈಲಿನಲ್ಲಿರುವ ದಿಶಾಂಕ್ ಎಂಬ ಆ್ಯಪ್. ಹೊಲದ ಬದುವಿನ ಮೇಲೆ ನಿಂತು ಅದನ್ನು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ಅದು ಕೆರೆಯೋ, ಸಾಗುವಳಿಗೆ ಸೇರದ ಖರಾಬೋ ಎಂಬುದೂ ತಿಳಿಯುತ್ತದೆ. ನಿವೇಶನ ಕೊಳ್ಳಹೊರಟವರು ರಾಜಕಾಲುವೆಯ ಗೆರೆಯನ್ನು ಅಲ್ಲಿ ಕಂಡು ಹಿಂದೆ ಸರಿದಿದ್ದರೆ ಆಶ್ಚರ್ಯವಿಲ್ಲ. ಹಾಗೆಂದು ಬದುವಿನ ವ್ಯಾಜ್ಯವನ್ನು ಮೊಬೈಲು ಹಿಡಿದು ತೀರ್ಮಾನಿಸಲು ಹೊರಡಬಾರದು. ಹಳೆಯ ನಕಾಶೆಯನ್ನು ಹೊಸ ಚಿತ್ರಕ್ಕೆ ಹೊಂದಿಸುವಾಗ ಕೆಲವು ಮೀಟರುಗಳ ಜಾರು ಇದ್ದೇ ಇರುತ್ತದೆ. ಎಲ್ಲೆ ಗೊತ್ತುಮಾಡುವ ಹದ್ದುಬಸ್ತಿಗೆ ಭೂಮಾಪಕರೇ ಬರಬೇಕು.

ಜಾರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳುತ್ತೇನೆ. ಭೂಮಿಯ ಆಕಾರವನ್ನು ಯಾವ ಲೆಕ್ಕದಿಂದ ಹಿಡಿದಿದ್ದೇವೆ ಎಂಬುದರ ಮೇಲೆ ಅಕ್ಷಾಂಶ ರೇಖಾಂಶಗಳು ನಿಂತಿವೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ನಕ್ಷೆಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಗೊತ್ತುಮಾಡಿದ ಲೆಕ್ಕದವು. ನಮ್ಮ ಮೊಬೈಲಿನ ಜಿಪಿಎಸ್ ಬಳಸುವುದು ಬೇರೆಯದೇ ಲೆಕ್ಕ. ಒಂದರ ಅಂಕಿಗಳನ್ನು ತಿದ್ದದೆ ಇನ್ನೊಂದರ ಮೇಲೆ ಇಟ್ಟರೆ ಬೆಂಗಳೂರಿನಲ್ಲಿ ಜಾಗ ನೂರು ಮೀಟರಿಗೂ ಹೆಚ್ಚು ಸರಿದುಬಿಡುತ್ತದೆ. ಎರಡು ಇಲಾಖೆಗಳು ಒಳ್ಳೆಯ ಮನಸ್ಸಿನಿಂದಲೇ ಕಡತ ಬದಲಾಯಿಸಿಕೊಂಡು, ಯಾವ ಲೆಕ್ಕದ ನಕ್ಷೆ ಎಂದು ಹೇಳುವುದನ್ನು ಮರೆತರೆ, ಕೆರೆ ಹೋಗಿ ಪಕ್ಕದ ತೋಟದಲ್ಲಿ ಕೂರುತ್ತದೆ.

ಆಕಾರಕ್ಕಿಂತ ಹೆಚ್ಚು ಕಾಡುವುದು ಹೆಸರು ಎಂದರೆ ನಿಮಗೆ ವಿಚಿತ್ರವೆನಿಸಬಹುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 29,340 ಗ್ರಾಮಗಳಿವೆ. ಇವುಗಳಲ್ಲಿ ಹೊಸಹಳ್ಳಿಗಳು ಎಷ್ಟು, ರಾಮಪುರಗಳು ಎಷ್ಟು ಎಂದು ಎಣಿಸಹೊರಟರೆ ಬೆರಳು ಸಾಲವು. ಹೊಸಹಳ್ಳಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಂಡ ಗುಮಾಸ್ತರು ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ; ಕಂಪ್ಯೂಟರಿಗೆ ಅವು ಬೇರೆ ಬೇರೆ ಊರುಗಳು. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ವಿಜಯಪುರ ಮೊದಲಾದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ನಮಗೆ ಅದು ಹೆಮ್ಮೆಯ ದಿನ. ಆದರೆ ಒಂದು ಇಲಾಖೆಯ ಪಟ್ಟಿಯಲ್ಲಿ ಗುಲ್ಬರ್ಗ, ಇನ್ನೊಂದರಲ್ಲಿ ಕಲಬುರಗಿ ಎಂದಿದ್ದರೆ ಎರಡೂ ಪಟ್ಟಿಗಳು ಕೂಡುವುದಿಲ್ಲ. ಇದಕ್ಕೆ ಮದ್ದು ಹೆಸರನ್ನು ನೆಚ್ಚದೆ ಸಂಖ್ಯೆಯನ್ನು ನೆಚ್ಚುವುದು. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವು ದೇಶದ ಪ್ರತಿ ಗ್ರಾಮಕ್ಕೂ ಪಂಚಾಯಿತಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. ಜಮೀನಿನ ತುಂಡುಗಳಿಗೆ 14 ಅಂಕಿಗಳ ಗುರುತು ಕೊಡುವ ಕೆಲಸವೂ ನಡೆದಿದೆ. ಎಲ್ಲ ಇಲಾಖೆಗಳೂ ಆ ಸಂಖ್ಯೆಯನ್ನೇ ಬಳಸಿದರೆ ಊರಿನ ಹೆಸರನ್ನು ಯಾರು ಹೇಗೆ ಬರೆದರೂ ಚಿಂತೆಯಿಲ್ಲ.

ದೇಶದ ಮಟ್ಟದಲ್ಲಿ ನಕ್ಷೆ ತಯಾರಿಸುವ, ಹಂಚುವ ನಿಯಮಗಳು ನಿಧಾನವಾಗಿ ಸಡಿಲವಾದವು. ರಕ್ಷಣೆಯ ನಕ್ಷೆಗಳನ್ನೂ ಸಾರ್ವಜನಿಕ ನಕ್ಷೆಗಳನ್ನೂ ಬೇರೆ ಮಾಡಿದ್ದು 2005ರ ನಕ್ಷಾ ನೀತಿ. 2021ರ ಫೆಬ್ರವರಿ 15ರ ಮಾರ್ಗಸೂಚಿಗಳು ಮುಂಗಡ ಅನುಮತಿಯ ಕಟ್ಟುಪಾಡನ್ನು ಬಹುಮಟ್ಟಿಗೆ ತೆಗೆದುಹಾಕಿ, ಸಾರ್ವಜನಿಕ ಹಣದಿಂದ ತಯಾರಾದ ಮಾಹಿತಿ, ಗೋಪ್ಯವಾದುದನ್ನು ಬಿಟ್ಟು, ದೇಶದವರಿಗೆಲ್ಲ ಸಿಗಬೇಕೆಂದವು. ಮರುವರ್ಷ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ ಬಂತು.

ನೀತಿಗಿಂತ ಕೆಲಸದ ಹಂಚಿಕೆ ಮುಖ್ಯ ಎಂಬುದಕ್ಕೆ, ಹಳ್ಳಿಯ ಮನೆಗಳನ್ನು ಡ್ರೋನಿನಿಂದ ಅಳೆದು ಆಸ್ತಿಯ ದಾಖಲೆ ಕೊಡುವ ಸ್ವಾಮಿತ್ವ ಯೋಜನೆಯನ್ನು ನೋಡಬೇಕು. ಹೊಲಗಳಿಗೆ ಟಿಪ್ಪಣಿ ಇತ್ತು. ಆದರೆ ಜನ ವಾಸಿಸುವ ಗ್ರಾಮಠಾಣವನ್ನು ಕಂದಾಯ ಸರ್ವೆ ಒಂದೇ ತುಂಡಾಗಿ ಬಿಟ್ಟಿತ್ತು, ಮನೆಮನೆಯ ಅಳತೆ ಅಲ್ಲಿರಲಿಲ್ಲ. 2020ರ ಏಪ್ರಿಲ್ 24ರಂದು ಆರಂಭವಾದ ಈ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಹಾರುವ ಮೊದಲು ಪಂಚಾಯಿತಿಯವರೂ ಭೂಮಾಪಕರೂ ಊರವರ ಎದುರಿನಲ್ಲೇ ಮನೆ, ಹಿತ್ತಿಲುಗಳ ಎಲ್ಲೆಗೆ ಸುಣ್ಣದ ಗೆರೆ ಎಳೆಯುತ್ತಾರೆ. ಭಾರತೀಯ ಸರ್ವೇಕ್ಷಣ ಇಲಾಖೆ ಮೇಲಿನಿಂದ ಚಿತ್ರ ತೆಗೆದು ನಕ್ಷೆ ಬರೆಯುತ್ತದೆ. ನಕ್ಷೆ ಮತ್ತೆ ಊರಿಗೆ ಬಂದು ತಕರಾರು ಕೇಳಿಸಿಕೊಳ್ಳುತ್ತದೆ. ಆಮೇಲಷ್ಟೇ ಆಸ್ತಿಯ ದಾಖಲೆ ಸಿದ್ಧವಾಗುತ್ತದೆ. ಆಕಾಶದಿಂದ ಕಾಣುವುದು ಸೂರು ಮಾತ್ರ. ಸೂರಿನ ಕೆಳಗಿನ ಗೋಡೆ ಅಣ್ಣನದೋ ತಮ್ಮನದೋ ಎಂಬುದನ್ನು ಊರೇ ಹೇಳಬೇಕು. ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸುವುದು ಡ್ರೋನಲ್ಲ, ಆ ಸುಣ್ಣದ ಗೆರೆ.

ನೆಲದ ಕೆಳಗಿನ ಸಂಗತಿಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ, ಏಕೆಂದರೆ ಬೆಂಗಳೂರಿನ ಕೇಳುಗರಿಗೆ ಅದರ ವರ್ಣನೆ ಬೇಕಾಗಿಲ್ಲ. ನೀರಿನ ಕೊಳವೆ, ವಿದ್ಯುತ್ ಕೇಬಲ್, ದೂರವಾಣಿ ತಂತಿಗಳ ನಕ್ಷೆ ಒಬ್ಬರದು ಇನ್ನೊಬ್ಬರಿಗೆ ತಿಳಿಯದೆ ನಡೆಯುವ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3000 ಕೋಟಿ ರೂಪಾಯಿ ನಷ್ಟವೆಂದು ಕೇಂದ್ರ ಸರ್ಕಾರವೇ ಹೇಳಿದೆ. ಅಗೆಯುವ ಮುನ್ನ ಕೆಳಗಿರುವುದು ಯಾರದೆಂದು ಕೇಳಿ ತಿಳಿಯುವ ಒಂದು ಆ್ಯಪನ್ನು 2023ರ ಮಾರ್ಚ್‌ನಲ್ಲಿ ತಂದಿದೆ.

ಹಾಗಾದರೆ ಇಲಾಖೆಗಳು ಹಂಚಿಕೊಳ್ಳಲು ಹಿಂಜರಿಯುವುದೇಕೆ? ತಂತ್ರಜ್ಞಾನದ ಕೊರತೆಯಿಂದ ಎಂದು ನಾನು ನಂಬುವುದಿಲ್ಲ. ನಕ್ಷೆಯನ್ನು ಹೊರಗೆ ಕೊಟ್ಟವನ ತಪ್ಪು ಹೊರಗೆ ಕಾಣುತ್ತದೆ. ಒತ್ತುವರಿ ಎಲ್ಲಿ, ಯಾರ ಕಣ್ಣೆದುರು ಆಯಿತು ಎಂಬುದೂ ಕಾಣುತ್ತದೆ. ಅರಣ್ಯ ಇಲಾಖೆಯ ಎಲ್ಲೆಯನ್ನು ಹಳೆಯ ಅಧಿಸೂಚನೆಯು ಹಳ್ಳ, ಗುಡ್ಡ, ದಾರಿಗಳ ಮಾತಿನಲ್ಲಿ ವರ್ಣಿಸಿರುತ್ತದೆ. ಅದೇ ಜಾಗಕ್ಕೆ ಕಂದಾಯ ಇಲಾಖೆ ಸರ್ವೆ ನಂಬರು ಕೊಟ್ಟು ಸಾಗುವಳಿ ಚೀಟಿಯನ್ನೂ ಕೊಟ್ಟಿರುತ್ತದೆ. ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟ ಕೂಡಲೇ ನಡುವೆ ಸಿಕ್ಕಿದ ರೈತನೂ ಕಾಣುತ್ತಾನೆ. ಮಲೆನಾಡಿನಲ್ಲಿ ಜಂಟಿ ಸರ್ವೆ ಎಂಬ ಮಾತು ಅಷ್ಟು ಬಿಸಿಯಾಗಿರುವುದು ಇದಕ್ಕೇ. ಖಾಸಗಿ ವಿವರಗಳನ್ನು, ರಕ್ಷಣೆಗೆ ಸಂಬಂಧಿಸಿದವುಗಳನ್ನು ಮುಚ್ಚಿಡುವುದಕ್ಕೆ ನ್ಯಾಯವಾದ ಕಾರಣಗಳಿವೆ. ಮುಜುಗರ ಆ ಕಾರಣಗಳಲ್ಲಿ ಒಂದಲ್ಲ.

ಹಂಚಿಕೊಳ್ಳುವುದೆಂದರೆ ಪ್ರತಿ ಮಾಡಿಕೊಡುವುದು ಎಂದು ತಿಳಿದದ್ದೂ ಒಂದು ತಪ್ಪು. ಪೆನ್‌ಡ್ರೈವಿನಲ್ಲಿ ಕೊಟ್ಟ ನಕ್ಷೆ ಕೊಟ್ಟ ದಿನವೇ ಹಳತಾಗಲು ತೊಡಗುತ್ತದೆ. ಮರುದಿನ ಅದರಲ್ಲಿರುವ ಒಂದು ಸರ್ವೆ ನಂಬರು ಪೋಡಿ ಆಗಿ, ಎಂದರೆ ಅಳತೆಯಿಂದ ಒಡೆದು, ಎರಡು ಹಿಸ್ಸೆಗಳಾದರೆ ಭೂಮಾಪನ ಇಲಾಖೆಗೆ ತಿಳಿಯುತ್ತದೆ, ಪ್ರತಿ ಪಡೆದವರಿಗೆ ತಿಳಿಯುವುದಿಲ್ಲ. ಆದ್ದರಿಂದ ನಕ್ಷೆಯ ಒಂದೊಂದು ಪದರಕ್ಕೂ, ಎಂದರೆ ಒಂದೊಂದು ಬಗೆಯ ಮಾಹಿತಿಗೂ, ಒಬ್ಬನೇ ಒಡೆಯನಿರಬೇಕು: ಸರ್ವೆ ಎಲ್ಲೆ ಭೂಮಾಪನ ಇಲಾಖೆಯದು, ನೀರಿನ ಮಟ್ಟ ನೀರಾವರಿಯದು, ಮಳೆಯ ಲೆಕ್ಕ ವಿಪತ್ತು ಉಸ್ತುವಾರಿ ಕೇಂದ್ರದ್ದು. ಉಳಿದವರು ಅದನ್ನು ಅದರ ಮೂಲದಿಂದಲೇ ನೇರವಾಗಿ ಓದಬೇಕು, ತಪ್ಪು ಕಂಡರೆ ಮೂಲಕ್ಕೇ ತಿಳಿಸಬೇಕು, ತಮ್ಮ ಬಳಿ ತಿದ್ದಿಕೊಂಡು ಸುಮ್ಮನಾಗಬಾರದು. ನಕ್ಷೆಯ ಮೂಲೆಯಲ್ಲಿ ಅಳತೆ ತೆಗೆದ ದಿನಾಂಕವೂ ಇರಬೇಕು.

ಮೊದಲಿಗೆ ನೆನೆದ ಕೆರೆಯಲ್ಲಿ ಹೀಗೆ ನಡೆದರೆ ಏನಾಗುತ್ತದೆ? ಕಂದಾಯ, ನೀರಾವರಿ, ಅರಣ್ಯ ಮತ್ತು ಪಂಚಾಯಿತಿಯವರು ಒಂದೇ ದಿನ ಏರಿಯ ಮೇಲೆ ಕೂಡುತ್ತಾರೆ. ಹಳೆಯ ಟಿಪ್ಪಣಿಯ ಆಣೆ ಲೆಕ್ಕವನ್ನು ಮೀಟರಿಗೆ ತಿರುಗಿಸಿ ಎಲ್ಲೆ ಕಲ್ಲನ್ನು ಹುಡುಕುತ್ತಾರೆ. ಸಿಕ್ಕಲ್ಲಿ ರೋವರ್ ಎಂಬ, ಉಪಗ್ರಹದ ನೆರವಿನಿಂದ ಜಾಗ ಗುರುತಿಸುವ ಉಪಕರಣವನ್ನು ಇಟ್ಟು ಕಲ್ಲಿನ ಸ್ಥಾನವನ್ನು ಓದುತ್ತಾರೆ, ಸಿಗದಲ್ಲಿ ಹೊಸ ಕಲ್ಲು ನೆಡುತ್ತಾರೆ. ಆ ಅಂಕಿ ಸಂಜೆಯೊಳಗೆ ಭೂಮಾಪನ ಇಲಾಖೆಯ ಪದರಕ್ಕೆ ಸೇರಿದರೆ, ಮರುದಿನ ಉಳಿದ ಮೂವರೂ ತಂತಮ್ಮ ಕಚೇರಿಯಲ್ಲಿ ಅದೇ ಕಲ್ಲನ್ನು ಅದೇ ಜಾಗದಲ್ಲಿ ಕಾಣುತ್ತಾರೆ. ಏರಿಯ ಕೆಳಗಿನ ಗದ್ದೆಯವನೂ ತನ್ನ ಮೊಬೈಲಿನಲ್ಲಿ ಅದನ್ನೇ ಕಾಣುತ್ತಾನೆ.

ಕೇಳಿದ್ದಕ್ಕೆ ವಂದನೆಗಳು.