ಫೋನಿನೊಳಗೆ ಮಲಗಿದ ಆಂಟೆನಾ

ಕೇಳುಗರಿಗೆ ನಮಸ್ಕಾರ. ಮೊದಲ ಮೊಬೈಲ್ ಫೋನ್‌ಗಳ ತಲೆಯ ಮೇಲೆ ಒಂದು ಕಡ್ಡಿ ಇರುತ್ತಿತ್ತು. ಈಗ ಅದು ಬಗ್ಗಿ ಒಳಗೆ ಸೇರಿಕೊಂಡಿದೆ.

ಆಂಟೆನಾ ಕಡ್ಡಿ ಸಾಮಾನ್ಯವಾಗಿ ತರಂಗದುದ್ದದ ಕಾಲು ಭಾಗದಷ್ಟಿರುತ್ತದೆ. ಮೊಬೈಲ್‌ಗಳು ಬಳಸುವ 900 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ ಅದು 8 ಸೆಂಟಿಮೀಟರಿಗಿಂತ ಜಾಸ್ತಿ. ತೆಳ್ಳಗಿನ ಫೋನಿನಲ್ಲಿ ಅದನ್ನು ನಿಲ್ಲಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಅದನ್ನು ತಗಡಿನ ಪಟ್ಟಿಯಾಗಿಸಿ ಸರ್ಕ್ಯೂಟ್ ಬೋರ್ಡಿನ ಮೇಲೆ ಮಲಗಿಸುತ್ತಾರೆ. ಒಂದು ತುದಿಯನ್ನು ಗ್ರೌಂಡಿಗೆ, ಅಂದರೆ ಬೋರ್ಡಿನ ಲೋಹದ ಪದರಕ್ಕೆ ಜೋಡಿಸಿ, ತುಸು ಪಕ್ಕದಲ್ಲಿ ಸಿಗ್ನಲ್ ಕೊಡುತ್ತಾರೆ. ಇದರ ಹೆಸರು ಪೀಫಾ. ಸಿಗ್ನಲ್ ಕೊಡುವ ಜಾಗವನ್ನು ಸ್ವಲ್ಪ ಸರಿಸಿದರೂ ಇಂಪೀಡೆನ್ಸ್, ಅಂದರೆ ಸಿಗ್ನಲ್ಲಿಗೆ ಎದುರಾಗುವ ತಡೆ, ಬದಲಾಗುತ್ತದೆ. ಅದನ್ನು ಸಿಗ್ನಲ್ ಕೊಡುವ ಸರ್ಕ್ಯೂಟಿನ 50 ಓಮ್‌ಗೆ ಹೊಂದಿಸುವ ಆಟವೆಲ್ಲ ಅಲ್ಲೇ.

ಗಿಡ್ಡ ಮಾಡಿದ್ದಕ್ಕೆ ದಂಡವೂ ಇದೆ. ಪಟ್ಟಿ ಬೋರ್ಡಿಗೆ ಹತ್ತಿರವಾದಷ್ಟೂ ಬ್ಯಾಂಡ್‌ವಿಡ್ತ್, ಅಂದರೆ ಆಂಟೆನಾ ಚೆನ್ನಾಗಿ ಕೆಲಸ ಮಾಡುವ ಫ್ರೀಕ್ವೆನ್ಸಿಗಳ ಹರವು, ಕುಗ್ಗುತ್ತದೆ. ಪುಟ್ಟ ಆಂಟೆನಾಗಳಿಗೆ ಇಂಥ ಮಿತಿ ಇದೆ ಎಂದು ಚೂ ಎಂಬ ವಿಜ್ಞಾನಿ 1948ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಂಟೆನಾವನ್ನು ಕಂಪ್ಯೂಟರಿನಲ್ಲೇ ಮಾಡೆಲ್ ಮಾಡಿ ನೋಡುವ ಯಾವ ಸಾಫ್ಟ್‌ವೇರೂ ಅದನ್ನು ದಾಟಿಸಲಾರದು.

ಸಾಫ್ಟ್‌ವೇರ್ ಮಾಡುವುದು ಬೇರೆ ಕೆಲಸ. ಕೇನ್ ಯೀ ಎಂಬ ವಿಜ್ಞಾನಿ 1966ರಲ್ಲಿ ಒಂದು ದಾರಿ ತೋರಿಸಿದರು. ಆಂಟೆನಾ ಮತ್ತು ಸುತ್ತಲಿನ ಜಾಗವನ್ನು ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಲೆಕ್ಕ ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಕ್ಷಣ ಕ್ಷಣಕ್ಕೂ ಬಿಡಿಸುವುದು. ಚೌಕ ತರಂಗದುದ್ದದ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು. ಗ್ರೌಂಡಿಗೆ ಇಳಿಯುವ ಪಿನ್ನಿನ ಸುತ್ತ ಇನ್ನೂ ಸಣ್ಣದು. ಅಲ್ಲಿ ಜಿಪುಣತನ ಮಾಡಿದರೆ ಉತ್ತರವೇ ತಪ್ಪುತ್ತದೆ.

ಆದರೆ ಹೊಸಬರು ಹೆಚ್ಚಾಗಿ ಎಡವುವುದು ಬೇರೆ ಕಡೆ. ಸುಮ್ನೆ ಆಂಟೆನಾ ಒಂದನ್ನೇ ಮಾಡೆಲ್ ಮಾಡುತ್ತಾರೆ. 900 ಮೆಗಾಹರ್ಟ್ಸ್ ಸುತ್ತಮುತ್ತ ತರಂಗ ಹೊರಡುವುದು ಹೆಚ್ಚಾಗಿ ಫೋನಿನ ಬೋರ್ಡಿನಿಂದಲೇ. ಪಟ್ಟಿ ಅದನ್ನು ಕೆಣಕುತ್ತದೆ, ಅಷ್ಟೆ. ಬೋರ್ಡಿನ ಉದ್ದ ಬದಲಾದರೆ ಎಲ್ಲ ಲೆಕ್ಕವೂ ಬದಲು. ಬ್ಯಾಟರಿ, ಪರದೆ, ಹೊರಕವಚ ಎಲ್ಲವೂ ಮಾಡೆಲ್‌ನಲ್ಲಿ ಇರಲೇಬೇಕು.

ಇನ್ನೊಂದು ಮೋಸ ರಿಟರ್ನ್ ಲಾಸ್ ಗ್ರಾಫ್, ಅಂದರೆ ಕೊಟ್ಟ ಸಿಗ್ನಲ್ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆಂದು ತೋರಿಸುವ ಗೆರೆ. ಸಿಗ್ನಲ್ ವಾಪಸ್ ಬರದಿದ್ದರೆ ಸಾಕು, ಅದು ಚೆಂದ ಕಾಣುತ್ತದೆ. 50 ಓಮಿನ ರೆಸಿಸ್ಟರ್ ಇಟ್ಟರೂ ವಾಪಸ್ ಬರುವುದಿಲ್ಲ. ಆದರೆ ಅದು ಬಿಸಿಯಾಗುತ್ತದೆಯೇ ಹೊರತು ಮಾತು ಮುಟ್ಟಿಸುವುದಿಲ್ಲ! ಹಾಗಾಗಿ ನಾನಾದರೆ ಮೊದಲು ಎಫಿಶಿಯೆನ್ಸಿ, ಅಂದರೆ ಕೊಟ್ಟ ಶಕ್ತಿಯಲ್ಲಿ ತರಂಗವಾಗಿ ಹೊರಟ ಪಾಲು, ಎಷ್ಟು ಎಂದು ಕೇಳುತ್ತೇನೆ.

ಕೊನೆಗೆ ಬರುವುದು ಕೈ ಮತ್ತು ತಲೆ. ಎರಡೂ ಶಕ್ತಿಯನ್ನು ಹೀರುತ್ತವೆ, ಫ್ರೀಕ್ವೆನ್ಸಿಯನ್ನೂ ಕೆಳಗೆ ಜಗ್ಗುತ್ತವೆ. ತಲೆಯಿಂದ ದೂರವಿರಲೆಂದು ಆಂಟೆನಾವನ್ನು ಫೋನಿನ ಬುಡಕ್ಕೆ ಇಳಿಸಿದರೆ, ಅದು ಅಂಗೈಯೊಳಗೆ ಸಿಕ್ಕಿಬೀಳುತ್ತದೆ. ಅದಕ್ಕೇ ಎಷ್ಟೋ ಫೋನ್‌ಗಳಲ್ಲಿ ಮೇಲೊಂದು, ಕೆಳಗೊಂದು ಆಂಟೆನಾ ಇರುತ್ತದೆ. ಒಂದು ಮುಚ್ಚಿಹೋದರೆ ಫೋನ್ ಇನ್ನೊಂದಕ್ಕೆ ಹೊರಳುತ್ತದೆ.