ಕಾಣದ ನೆಲದಾಳಕ್ಕೆ ಲೆಕ್ಕದ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾವು ನಿಂತಿರುವ ನೆಲದಿಂದ ಭೂಮಿಯ ಕೇಂದ್ರಕ್ಕೆ ಸುಮಾರು 6,371 ಕಿಲೋಮೀಟರ್. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ. ಅದರ ಆಳ 12 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರಾಚೆಗೆ ಇರುವುದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಆದರೂ ಅಲ್ಲೇನಿದೆ ಅಂತ ನಮಗೆ ಸಾಕಷ್ಟು ಗೊತ್ತು. 1936ರಲ್ಲಿ ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೇಮನ್ ಭೂಕಂಪದ ಅಲೆಗಳು ಬರಬಾರದ ಕಡೆ ಬಂದದ್ದನ್ನು ಗಮನಿಸಿದರು. ಭೂಮಿಯ ಗರ್ಭದೊಳಗೆ ಇನ್ನೊಂದು ಗರ್ಭ ಇರಲೇಬೇಕು ಎಂದರು. ಅವರ ಕೈಯಲ್ಲಿ ಇದ್ದದ್ದು ದಾಖಲೆಯ ಕಾಗದ ಮತ್ತು ಗಣಿತ.

ಇವತ್ತಿಗೂ ಭೂಭೌತ ವಿಜ್ಞಾನಿಯ ಕೆಲಸ ಹೆಚ್ಚುಕಡಿಮೆ ಅದೇ. ಭೂಕಂಪ ಆದಾಗ ಮೊದಲು ವೇಗವಾಗಿ ಸಾಗುವ ಪಿ ಅಲೆ ಬರುತ್ತದೆ, ಆಮೇಲೆ ನಿಧಾನದ ಎಸ್ ಅಲೆ. ಹತ್ತಿರದ ಕಂಪನವಾದರೆ, ಎರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಕಂಪನದ ಮೂಲ ಎಷ್ಟು ಕಿಲೋಮೀಟರ್ ದೂರ ಅಂತ ಅಂದಾಜು ಸಿಗುತ್ತದೆ. 10 ಸೆಕೆಂಡ್ ಅಂತರ ಅಂದರೆ ಸುಮಾರು 80 ಕಿಲೋಮೀಟರ್. ಕಷ್ಟ ಇರುವುದು ಲೆಕ್ಕದಲ್ಲಲ್ಲ, ಕಂಪನ ಮಾಪಕ ಬರೆದ ಗೆರೆಯಲ್ಲಿ ಪ್ರತಿ ಅಲೆ ಎಲ್ಲಿ ಶುರುವಾಯಿತು ಅಂತ ಗುರುತಿಸುವುದರಲ್ಲಿ. ಗಾಳಿ, ಲಾರಿ, ಸಮುದ್ರದ ಅಲೆ, ಎಲ್ಲವೂ ಆ ಗೆರೆಯನ್ನು ನಡುಗಿಸುತ್ತಿರುತ್ತವೆ. ಪಿ ಅಲೆಯ ಬಾಲದಲ್ಲಿ ಎಸ್ ಅಲೆ ಮುಳುಗಿಹೋಗಿರುತ್ತದೆ. ಇದನ್ನು ಪಳಗಿದ ಕಣ್ಣುಗಳು ದಶಕಗಳ ಕಾಲ ಒಂದೊಂದಾಗಿ ಗುರುತು ಹಾಕಿದವು.

ಮಷೀನ್ ಲರ್ನಿಂಗ್, ಅಂದರೆ ಉದಾಹರಣೆಗಳನ್ನು ನೋಡಿ ಕಂಪ್ಯೂಟರ್ ತಾನೇ ಕಲಿಯುವ ವಿಧಾನ, ಇಲ್ಲಿ ನಿಜವಾಗಿ ಕೈಹಿಡಿದಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫೇಸ್‌ನೆಟ್ ಅನ್ನು ನೋಡಿ. ಅದು ಪಿ ಮತ್ತು ಎಸ್ ಅಲೆಗಳ ಶುರುವನ್ನು ಗುರುತಿಸುವ ಒಂದು ನರಜಾಲ, ಅಂದರೆ ಉದಾಹರಣೆಗಳಿಂದ ತನ್ನೊಳಗಿನ ಸಂಖ್ಯೆಗಳನ್ನು ಹೊಂದಿಸಿಕೊಳ್ಳುವ ಪ್ರೋಗ್ರಾಂ. ಉತ್ತರ ಕ್ಯಾಲಿಫೋರ್ನಿಯಾದ ದಾಖಲೆಗಳ ಮೇಲೆ ಮನುಷ್ಯರು ಹಾಕಿದ ಗುರುತುಗಳಿಂದಲೇ ಅದು ಕಲಿತದ್ದು. ಈಗ ಇಂಥ ಜಾಲಗಳು ನಮ್ಮ ಕಣ್ಣು ತಪ್ಪಿಸಿಕೊಂಡಿದ್ದ ಪುಟ್ಟ ಕಂಪನಗಳನ್ನೂ ಹೆಕ್ಕಿ ಕೊಡುತ್ತವೆ. ಹಾಗಾಗಿ ನೆಲದೊಳಗಿನ ಬಿರುಕುಗಳ ಆಕಾರ ಸ್ಪಷ್ಟವಾಗಿ ಕಾಣತೊಡಗಿದೆ. ಇದನ್ನು ನೋಡುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಈ ವೃತ್ತಿಯ ತಿರುಳು ಬೇರೆ ಕಡೆ ಇದೆ. ನೆಲದ ಮೇಲೆ ಗುರುತ್ವ ಒಂದು ಕಡೆ ತುಸು ಹೆಚ್ಚು ಅಂತ ಇಟ್ಟುಕೊಳ್ಳಿ. ಕೆಳಗೆ ಭಾರದ ಬಂಡೆ ಇದೆ ಅನ್ನಬಹುದು. ಅದು ಆಳದಲ್ಲಿರುವ ಒಂದು ಗುಂಡು ಬಂಡೆಯೋ, ಮೇಲೆಯೇ ಅಗಲವಾಗಿ ಹರಡಿದ ಬಂಡೆಯೋ? ಎರಡೂ ಒಂದೇ ಅಳತೆ ಕೊಡಬಲ್ಲವು. ಅಳತೆ ಎಷ್ಟೇ ನಿಖರವಾಗಿರಲಿ, ಅದೊಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ಹೀಗೆ ಮೇಲಿನ ಅಳತೆಯಿಂದ ಒಳಗೇನಿದೆ ಅಂತ ಹಿಮ್ಮುಖವಾಗಿ ಕಂಡುಹಿಡಿಯುವುದಕ್ಕೆ ವಿಲೋಮ ಸಮಸ್ಯೆ ಅಂತಾರೆ. 1960ರ ದಶಕದ ಕೊನೆಗೆ ಭೂಭೌತ ವಿಜ್ಞಾನಿಗಳಾದ ಜಾರ್ಜ್ ಬ್ಯಾಕಸ್ ಮತ್ತು ಫ್ರೀಮನ್ ಗಿಲ್ಬರ್ಟ್ ಇದನ್ನು ಬೇರೆ ರೀತಿ ಕೇಳಿದರು: ನಮ್ಮ ಬಳಿ ಇರುವ ಅಳತೆಗಳು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲವು? ಒಂದು ಬಿಂದುವಿನ ಬಗ್ಗೆ ಆಗದಿದ್ದರೆ, ಅದರ ಸುತ್ತಲಿನ ಸರಾಸರಿಯ ಬಗ್ಗೆಯಾದರೂ ಹೇಳಬಹುದಲ್ವಾ? ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಪ್ರಶ್ನೆ ಇದು.

ಹೊಸ ಸಾಧನ ಬಂದಾಗ ಈ ಪ್ರಶ್ನೆಯನ್ನು ಮರೆಯುವುದು ಸುಲಭ. 2018ರಲ್ಲಿ ಒಂದು ತಂಡ, ದೊಡ್ಡ ಭೂಕಂಪದ ನಂತರ ಬರುವ ಪಶ್ಚಾತ್ ಕಂಪನಗಳು ಎಲ್ಲೆಲ್ಲಿ ಆಗುತ್ತವೆ ಅಂತ ಊಹಿಸಲು ಹಲವು ಪದರಗಳ ನರಜಾಲವೊಂದನ್ನು ತರಬೇತು ಮಾಡಿತು. ಅದರಲ್ಲಿ ಹೊಂದಿಸಬೇಕಾದ ಸಂಖ್ಯೆಗಳೇ 13 ಸಾವಿರಕ್ಕೂ ಹೆಚ್ಚು. ಮರುವರ್ಷ ಇಬ್ಬರು ಸಂಶೋಧಕರು ಎರಡೇ ಸಂಖ್ಯೆಗಳ ಒಂದು ಹಳೇ ಸೂತ್ರದಿಂದ ಅಷ್ಟೇ ಒಳ್ಳೆಯ ಫಲಿತಾಂಶ ತೋರಿಸಿದರು. ಬಿರುಕು ಎಷ್ಟು ಜಾರಿತು, ಅದರಿಂದ ದೂರ ಎಷ್ಟು, ಇಷ್ಟು ಸಾಕಾಯಿತು. ಮೊದಲ ತಂಡದ್ದು ಸುಮ್ನೆ ವ್ಯರ್ಥ ಶ್ರಮ ಅಂತ ನಾನು ಅನ್ನುವುದಿಲ್ಲ. ಆದರೆ ಜಾಲ ಕಟ್ಟುವ ಮೊದಲು ಸರಳ ಸೂತ್ರವನ್ನು ಪಕ್ಕದಲ್ಲಿ ಇಟ್ಟು ನೋಡಲೇಬೇಕು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಬಿಡದೆ ಹೇಳುತ್ತೇನೆ.

ಈ ದಾರಿಗೆ ಬರುವ ಆಸೆಯಿದ್ದವರು ರೇಖೀಯ ಬೀಜಗಣಿತ, ಸಂಭವನೀಯತೆ, ಪ್ರೋಗ್ರಾಮಿಂಗ್ ಕಲಿಯಬೇಕು. ಜೊತೆಗೆ ಮಣ್ಣಿಗಿಳಿದು ಉಪಕರಣ ಹೂಳುವುದನ್ನೂ ಕಲಿಯಬೇಕು. ಯಾಕೆ ಗೊತ್ತಾ? ಈಗ ಇಂಟರ್ನೆಟ್ಟಿಗಾಗಿ ಹಾಕಿದ ಗಾಜಿನ ಎಳೆಯ ಕೇಬಲ್ಲಿಗೆ ಲೇಸರ್ ಬೆಳಕು ಹಾಯಿಸಿ, ಅದನ್ನೇ ಸಾವಿರಾರು ಕಂಪನ ಮಾಪಕಗಳ ಸಾಲಿನಂತೆ ಬಳಸುತ್ತಿದ್ದಾರೆ. ರಾಶಿ ರಾಶಿ ಮಾಹಿತಿ ಬರುತ್ತದೆ. ಅದನ್ನು ಓದಲು ಯಂತ್ರ ಬೇಕೇ ಬೇಕು. ಆದರೆ ಕೇಬಲ್ ಎಲ್ಲಿ ಮಣ್ಣಿಗೆ ಗಟ್ಟಿಯಾಗಿ ಕಚ್ಚಿಕೊಂಡಿದೆ, ಎಲ್ಲಿ ಪೈಪಿನೊಳಗೆ ಸಡಿಲವಾಗಿ ಬಿದ್ದಿದೆ ಅನ್ನುವುದರ ಮೇಲೆ ಆ ಗೆರೆಗಳು ಬದಲಾಗುತ್ತವೆ. ಅದನ್ನು ತಿಳಿಯಲು ಯಾರಾದರೂ ಕೇಬಲ್ಲಿನ ಉದ್ದಕ್ಕೂ ಸುತ್ತಿಗೆಯಿಂದ ನೆಲಕ್ಕೆ ಬಡಿಯುತ್ತಾ ನಡೆದು ಹೋಗಬೇಕು.

ನಮಸ್ಕಾರ.